ಕೊಬ್ಬರಿ ಎಷ್ಟು ಗ್ರಾಂ?

ಸಂತಾಪ ಸಭೆಯಿಂದ ನಡುವೆ ಎದ್ದು ಬಂದೆನೆಂದು ಕೆಲವರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಮುನಿಸಿಕೊಳ್ಳಲಿ. ಅರ್ಧ ಗಂಟೆಯಲ್ಲಿ ನಾಲ್ಕು ಜನ ಮಾತಾಡಿದರು. ನಾಲ್ವರೂ ತೀರಿಕೊಂಡವರನ್ನು ಸರಳಜೀವಿ ಎಂದರು. ಒಬ್ಬ ಮಹಾನುಭಾವರು, "ನಮ್ಮ ಕಾಲೇಜಿನ ಟೆಸ್ಟ್‌ಟ್ಯೂಬುಗಳನ್ನು ಹೆತ್ತ ಮಕ್ಕಳಂತೆ ನೋಡಿಕೊಂಡರು" ಎಂದರು. ಜನ ಚಪ್ಪಾಳೆ ತಟ್ಟಿದರು, ಸಂತಾಪ ಸಭೆಯಲ್ಲಿ! ಇನ್ನು ಒಂದು ನಿಮಿಷ ಕೂತಿದ್ದರೆ ನಾನು ಏನಾದರೂ ಅಂದುಬಿಡುತ್ತಿದ್ದೆ. ಎದ್ದು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾಗಿದ್ದ ಜಾಗ ಬೇರೆ ಇತ್ತು. ಅಲ್ಲಿ ಬರೆಯದೆ ಬಿಟ್ಟರು. ಈಗ ನಾನು ಇಲ್ಲಿ ಬರೆದು ಪುಣ್ಯ ಕಟ್ಟಿಕೊಳ್ಳುವುದು ಬೇಡ.

ಎಪ್ಪತ್ತರ ದಶಕದ ನಡುವೆ ನಾನು ತಿಪಟೂರಿನ ಕಾಲೇಜಿಗೆ ಭೌತಶಾಸ್ತ್ರ ಹೇಳಿಕೊಡಲು ಬಂದಾಗ ಅವರು ರಸಾಯನಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದರು. ಅಂದರೆ ಪ್ರಯೋಗಾಲಯದಲ್ಲಿ ನಿಂತು ಹುಡುಗರಿಗೆ ಆಸಿಡ್ಡು, ಉಪ್ಪು ತೋರಿಸುವ ಕೆಲಸ. ಪಾಠ ಮಾಡುವ ಹಕ್ಕಿಲ್ಲ. ಎಂ.ಎಸ್ಸಿ. ಮಾಡಿದ್ದರು, ಅದೂ ಒಳ್ಳೆಯ ದರ್ಜೆಯಲ್ಲಿ. ಅವರಿಗಿಂತ ಕಡಿಮೆ ಓದಿದ ಇಬ್ಬರು ಅವರ ಕಣ್ಣ ಮುಂದೆಯೇ ಅಧ್ಯಾಪಕರಾದರು. ಇವರು ಕೇಳಲು ಹೋದರೆ ಪ್ರಿನ್ಸಿಪಾಲರು, "ಡಾಕ್ಟರೇಟ್ ತಗೊಂಡ್ ಬನ್ನಿ ತಾಯಿ, ಮರುದಿನವೇ ಮಾಡ್ತೀವಿ" ಎಂದರಂತೆ. ಆ ಇಬ್ಬರ ಹತ್ತಿರ ಯಾವ ಡಾಕ್ಟರೇಟ್ ಇತ್ತು? ಕೇಳುವವರಿರಲಿಲ್ಲ. ಇವರು ಅದನ್ನು ಮಾತೆಂದೇ ನಂಬಿದರು. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರ ಪ್ರೊಫೆಸರರ ಕೈಕೆಳಗೆ ಸಂಶೋಧನೆಗೆ ಹೆಸರು ಬರೆಸಿಕೊಂಡು ಬಂದರು.

ಕುಳ್ಳಗಿನ ಹೆಂಗಸು. ಹಣೆಯಲ್ಲಿ ವಿಭೂತಿ, ಬಿಗಿಯಾಗಿ ಕಟ್ಟಿದ ತುರುಬು. ಬೆರಳ ತುದಿಗಳು ವರ್ಷವಿಡೀ ಕಂದು, ಅಂಗೈ ಹಳದಿ. ಮೈಯೆಲ್ಲ ತೆಂಗಿನ ಕರಟ ಸುಟ್ಟ ವಾಸನೆ. ನೊಣವಿನಕೆರೆ ಕಡೆಯ ತಮ್ಮ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಆ ವಾಸನೆಗೆ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ನಾನೊಮ್ಮೆ ಅದಕ್ಕೆ ಸಿಟ್ಟಾದಾಗ, "ಬುಡಿ ಮೇಷ್ಟ್ರೇ, ಕಾಲ್ ನೀಡ್ಕೊಂಡ್ ಬರಾಕೆ ಜಾಗ ಸಿಕ್ತದೆ" ಎಂದು ನಕ್ಕರು.

ಕೊಬ್ಬರಿ ಮನೆಯ ಮಗಳು. ನಮ್ಮ ಕಡೆ ಕೊಬ್ಬರಿ ಮಾಡಲು ಕಾಯಿಯನ್ನು ಬಿಸಿಲಿಗೆ ಒಡ್ಡುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಕತ್ತಲಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ನೀರು ತಾನಾಗಿ ಇಂಗಿ, ಒಳಗಿನ ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಅದಕ್ಕೆ ಮೊದಲು ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಇವರಿಗೆ ಎಲ್ಲಕ್ಕೂ ಇದೇ ಅಳತೆ. ಹುಡುಗರು ಪ್ರಯೋಗದ ರೆಕಾರ್ಡ್ ತಂದು ಕೊಟ್ಟರೆ ಪುಸ್ತಕವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇನ್ನೂ ಗುಡುಗುಡು ಅಂತಿಲ್ಲ ಕಣಪ್ಪ, ತಗೊಂಡೋಗು" ಎನ್ನುವರು. ಹುಡುಗರಿಗೆ ಅದೊಂದು ತಮಾಷೆ. ವರ್ಷಕ್ಕೊಮ್ಮೆ ಅಟ್ಟದಿಂದ ಕೊಬ್ಬರಿ ಇಳಿಸಿದಾಗ ಒಂದು ಗುಂಡು ಕೊಬ್ಬರಿಯನ್ನು ಕರಟದೊಳಗೇ ಬಿಟ್ಟು, ನನ್ನ ಕಿವಿಯ ಬಳಿ ಅಲ್ಲಾಡಿಸಿ, "ಕೇಳ್ತಾ?" ಎಂದು ನನ್ನ ಕೈಗೆ ಕೊಡುತ್ತಿದ್ದರು.

ಅವರು ಏನು ಮಾಡುತ್ತಿದ್ದರೆಂದು ಆ ಸಭೆಯ ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಜೊತೆಗೆ ಕಾಫಿ ಕುಡಿದವರಿಗೆ! ನಾನೇ ಹೇಳುತ್ತೇನೆ. ಈಗ ಎಲ್ಲರ ಮನೆಯ ರೇಡಿಯೊ, ಗಡಿಯಾರ, ಕಂಪ್ಯೂಟರುಗಳ ಒಳಗೆ ಕೂದಲಿಗಿಂತ ಸಣ್ಣ ಗೆರೆಗಳಿರುವ ಚೂರುಗಳಿವೆಯಲ್ಲ, ಆ ಗೆರೆಗಳನ್ನು ಯಾರೂ ಕೈಯಲ್ಲಿ ಬರೆಯುವುದಿಲ್ಲ. ಬೆಳಕು ಬರೆಯುತ್ತದೆ. ತಗಡಿನ ಮೇಲೆ ಒಂದು ಬಗೆಯ ಅರಗನ್ನು ತೆಳ್ಳಗೆ ಬಳಿದು, ಮೇಲೆ ಚಿತ್ರವಿರುವ ಗಾಜಿಟ್ಟು, ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಬಿಡಬೇಕು. ಬೆಳಕು ಬಿದ್ದಲ್ಲಿ ಅರಗಿನ ಗುಣ ಕೆಟ್ಟು ಸೋಡದ ನೀರಿನಲ್ಲಿ ತೊಳೆದುಹೋಗುತ್ತದೆ. ನೆರಳಿದ್ದಲ್ಲಿ ಉಳಿಯುತ್ತದೆ. ಉಳಿದಷ್ಟೇ ಚಿತ್ರ. ಆ ಅರಗು ಆಗ ಪರದೇಶದಿಂದ ಬರಬೇಕಿತ್ತು. ಇವರು ಅದನ್ನು ತೆಂಗಿನ ಕರಟದಿಂದ ಮಾಡಲು ಹೊರಟಿದ್ದರು.

ಯೋಚನೆ ಬಂದದ್ದು ಅವರ ಅವ್ವನಿಂದ. ಗಜಕರ್ಣಕ್ಕೆ ಹಚ್ಚಲು ಅವ್ವ ಮಡಕೆಯಲ್ಲಿ ಕರಟ ಸುಟ್ಟು ಕಪ್ಪು ಎಣ್ಣೆ ಇಳಿಸುತ್ತಿದ್ದಳು. ಹುಣ್ಣು ಸುಡುವ ಎಣ್ಣೆಯಲ್ಲಿ ಫೀನಾಲ್ ಇರಲೇಬೇಕು, ಫೀನಾಲ್ ಇದ್ದರೆ ಫಾರ್ಮಲಿನ್ ಸೇರಿಸಿ ಅರಗು ಮಾಡಬಹುದು ಎಂದು ಮಗಳ ಲೆಕ್ಕ. ಫಾರ್ಮಲಿನ್ ಕೊಳ್ಳಲು ಕಾಲೇಜು ಒಪ್ಪಲಿಲ್ಲ. ಪ್ರಾಣಿಶಾಸ್ತ್ರದವರ ಹಾವು ಕಪ್ಪೆಗಳ ಸೀಸೆಯಿಂದ ಇಷ್ಟಿಷ್ಟೇ ಬಗ್ಗಿಸಿಕೊಂಡರು. ಆ ಮೇಷ್ಟ್ರು ಬಂದು, "ನಮ್ ಹಾವು ಒಣಗ್ಹೋಗ್ತಾವಲ್ರೀ!" ಎಂದು ಕೂಗಾಡಿದರೆ ಇವರು, "ಅದು ಸತ್ ಹಾವು ಸಾ. ನನ್ ಅರಗು ಇನ್ನೂ ಹುಟ್ಬೇಕು" ಎಂದರು.

ಒಂದು ಭಾನುವಾರ ಅವರ ಮನೆಗೆ ಹೋದೆ. ಅವ್ವ ಜಗಲಿಯಲ್ಲೇ ಹಿಡಿದುಕೊಂಡಳು. "ಬಾ ಸಾಮಿ, ನೀನಾದ್ರೂ ಬುದ್ಧಿ ಹೇಳು. ಮದ್ವೆಗೆ ಅರಿಶಿನ ಕುಟ್ಟೋ ವಯಸ್ನಾಗೆ ಇವ್ಳು ಬೆಳಕಿಂಡಿಗೆ ಅರಿಶಿನ ಹಚ್ಚವ್ಳೆ. ಅವಳಪ್ಪನ್ ಪಂಚೆ ಒಂದೂ ಉಳಿದಿಲ್ಲ."

ಅಟ್ಟ ಹತ್ತಿ ನೋಡಿದೆ. ಒಂದು ಕಡೆ ಸೂರು ಮುಟ್ಟುವಂತೆ ಕಾಯಿ ರಾಶಿ, ಇನ್ನೊಂದು ಕಡೆ ಮುರುಕು ಮೇಜು, ಸೀಸೆ, ತಕ್ಕಡಿ. ಇದ್ದ ಒಂದೇ ಬೆಳಕಿಂಡಿಗೆ ಅರಿಶಿನದಲ್ಲಿ ಅದ್ದಿದ ಪಂಚೆಯನ್ನು ಎರಡು ಮಡಿಕೆ ಮಾಡಿ ಕಟ್ಟಿದ್ದರು. ಅರಗಿಗೆ ಹಳದಿ ಬೆಳಕು ತಾಗುವುದಿಲ್ಲ, ನೀಲಿ ನೇರಳೆ ತಾಗಿದರೆ ಕೆಡುತ್ತದೆ. ಬೆಂಗಳೂರಿನವರಿಗೆ ಅದಕ್ಕೆ ಹಳದಿ ಗಾಜಿನ ಕೋಣೆಯಿತ್ತು. ಇವರಿಗೆ ಅಪ್ಪನ ಪಂಚೆ. "ಅರಿಶಿನ ಆ ಬೆಳಕನ್ನ ತಾನೇ ನುಂಗ್ಕೊಂಡು ಬಿಳುಚ್ಕೊಂತದೆ ಮೇಷ್ಟ್ರೇ. ಹದಿನೈದ್ ದಿನಕ್ಕೊಂದ್ಸಲ ಮತ್ತೆ ಅದ್ಬೇಕು" ಎಂದರು. ಇಷ್ಟು ಬುದ್ಧಿಯನ್ನು ಟೆಸ್ಟ್‌ಟ್ಯೂಬ್ ತೊಳೆಯಲು ಇಟ್ಟುಕೊಂಡಿದ್ದೆವು ನಾವು.

ಎರಡು ವರ್ಷ ಅರಗು ಹದಕ್ಕೆ ಬರಲಿಲ್ಲ. ಒಣಗಿದರೆ ಸೀಳುತ್ತಿತ್ತು, ಇಲ್ಲವೆ ಸಿಪ್ಪೆ ಏಳುತ್ತಿತ್ತು. ಆಮೇಲೊಂದು ವರ್ಷ ಕೊಬ್ಬರಿ ಇಳಿಸುವಾಗ ಕಾಯಿ ರಾಶಿಯ ಹಿಂದೆ ಮರೆತಿದ್ದ ಕರಟದೆಣ್ಣೆಯ ಮಡಕೆಯೊಂದು ಸಿಕ್ಕಿತು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಂದಿಡೀ ಸುತ್ತು, ಅಂದರೆ ಕಾಯಿ ಏರಿಸಿ ಕೊಬ್ಬರಿ ಇಳಿಸುವಷ್ಟು ಕಾಲ, ಅಟ್ಟದ ಕತ್ತಲಲ್ಲಿ, ಬೆಚ್ಚಗೆ, ಕೆಳಗಿನ ಒಲೆಯ ಹೊಗೆ ಕುಡಿಯುತ್ತ ಕೂತಿತ್ತು. ಆ ಎಣ್ಣೆಯಿಂದ ಮಾಡಿದ ಅರಗು ಗಾಜಿನ ಹಾಗೆ ಕೂತಿತು. ಅಂದಿನಿಂದ ಎಣ್ಣೆಯೂ ಕೊಬ್ಬರಿಯ ಜೊತೆ ಅಟ್ಟ ಹತ್ತಿ, ಕೊಬ್ಬರಿಯ ಜೊತೆಗೇ ಇಳಿಯುತ್ತಿತ್ತು.

ಗೆರೆ ಎಷ್ಟು ಸಣ್ಣಗೆ ಮೂಡುತ್ತದೆಂದು ನೋಡಬೇಕಲ್ಲ. ಬೆಂಗಳೂರಿನವರ ಸಣ್ಣ ಗೆರೆ ಕೊರೆದ ಗಾಜು ನಮಗೆಲ್ಲಿ ಸಿಗಬೇಕು? ನಾನು ಕೆರೆ ಏರಿಯ ಮೇಲೆ ಒಂದು ಏರೋಪ್ಲೇನ್ ಚಿಟ್ಟೆ ಹಿಡಿದೆ. ಹಿಡಿಯುವ ಆತುರದಲ್ಲಿ ಅದರ ರೆಕ್ಕೆಯ ಕೆಳಮೂಲೆ ಹರಿಯಿತು. "ಒಂದ್ ಚಿಟ್ಟೆ ಹಿಡಿಯಾಕ್ ಬರಲ್ವಲ್ರೀ ನಿಮ್ಗೆ!" ಎಂದು ಬೈಸಿಕೊಂಡೆ. ಅರಗು ಬಳಿದ ತಾಮ್ರದ ತಗಡಿನ ಮೇಲೆ ಆ ರೆಕ್ಕೆಯಿಟ್ಟು, ಮೇಲೊಂದು ಗಾಜಿಟ್ಟು, ನಡುಮಧ್ಯಾಹ್ನ ಅಂಗಳಕ್ಕೆ ತಂದರು. ಅವರ ಗಡಿಯಾರ ಹಿಂದೆ ಮುಂದೆ ಓಡುತ್ತಿದ್ದುದರಿಂದ ಬಿಸಿಲಿನ ಲೆಕ್ಕವನ್ನು ಅವ್ವನ ಜಪಸರದಲ್ಲೇ ಹಿಡಿಯುತ್ತಿದ್ದರು. ನೂರೆಂಟು ಸಲ ನಮಃ ಶಿವಾಯ. ಅವ್ವ ಎಣಿಸಿದಳು, ಮಗಳು ತಗಡು ಎತ್ತಿದರು. ತೊಳೆದು, ಬರಿದಾದ ಕಡೆ ಆಸಿಡ್ಡಿನಲ್ಲಿ ತಾಮ್ರ ಕರಗಿಸಿ ನೋಡಿದರೆ ರೆಕ್ಕೆಯ ಒಂದೊಂದು ನರವೂ ತಗಡಿನ ಮೇಲೆ ಎದ್ದು ನಿಂತಿತ್ತು. ನಾನು ಹರಿದಿದ್ದ ಮೂಲೆಯೂ. ಅವ್ವ ಬಗ್ಗಿ ನೋಡಿ, "ಇಷ್ಟಕ್ಕಾ ಅಷ್ಟೊಂದ್ ಪಂಚೆ?" ಎಂದಳು. ಮಗಳು ತಗಡನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು.

ಮಳೆಗಾಲದಲ್ಲಿ ಬಿಸಿಲಿಲ್ಲವೆಂದು ಲೈನ್‌ಮನ್ ಒಬ್ಬನನ್ನು ಕಾಡಿ ಹಳೆಯ ಪಾದರಸದ ಬೀದಿದೀಪ ತಂದು, ಅತಿನೇರಳೆಯನ್ನು ತಡೆಯುವ ಹೊರಗಿನ ಬುರುಡೆ ಒಡೆದು, ಆ ಬೆಳಕಿಗೆ ತಗಡು ಹಿಡಿದರು. ಕಣ್ಣು ಕೆಂಡವಾಗಿ ಮೂರು ದಿನ ನೀರು ಸುರಿಯಿತು. ಪ್ರಿನ್ಸಿಪಾಲರು ಮದ್ರಾಸ್ ಐ ಎಂದು ತಿಳಿದು ಅವರನ್ನು ಗೇಟಿನಲ್ಲೇ ತಡೆದು ಮನೆಗೆ ಕಳಿಸಿದರು, ರಜೆಯಿಂದ ಮೂರು ದಿನ ಕಳೆದರು.

"ಇನ್ನು ಪ್ರಬಂಧ ಬರೆದು ಹಾಕ್ರೀ" ಎಂದೆ. "ಇನ್ನೊಂದ್ ಸುತ್ತು ಕೊಬ್ರಿ ಇಳೀಲಿ" ಎಂದರು. ಇಳಿಯಿತು. ಮತ್ತೊಂದು ಎಂದರು. ಮೂರು ಸುತ್ತು! ಮೂರು ವರ್ಷ! ಇದಕ್ಕೆ ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ. ಗುಡುಗುಡು ಕೇಳುವವರೆಗೆ ಕಾಯುವುದು ಕೊಬ್ಬರಿಗೆ ಸರಿ. ಆದರೆ ಕೊಬ್ಬರಿಯನ್ನು ಕಾಯುತ್ತ ಕೂತವರ ಅಟ್ಟಕ್ಕೆ ಬೇರೆಯವರು ಏಣಿ ಹಾಕುತ್ತಾರೆ ಎಂಬುದು ಅವರಿಗೆ ತಿಳಿಯಬೇಕಿತ್ತು.

ಏಣಿ ಹಾಕಿದವರು ಅವರ ಗುರುಗಳೇ, ಆ ಪ್ರೊಫೆಸರು. ತಿದ್ದಿಕೊಡುತ್ತೇನೆ, ಎಲ್ಲವನ್ನೂ ತನ್ನಿ ಎಂದು ಬೆಂಗಳೂರಿಗೆ ಕರೆಸಿಕೊಂಡರು. ಇವರು ಟಿಪ್ಪಣಿ ಪುಸ್ತಕಗಳನ್ನೂ ಒಂದು ಡಬ್ಬಿ ಅರಗನ್ನೂ ರೆಕ್ಕೆಯ ತಗಡನ್ನೂ ಕೊಟ್ಟು ಬರಿಗೈಯಲ್ಲಿ ಬಂದರು. "ರಶೀದಿ ಇಸ್ಕೊಂಡ್ರಾ?" ಎಂದೆ. "ಗುರುಗಳತ್ರ ಯಾರಾದ್ರೂ ರಶೀದಿ ಕೇಳ್ತಾರೇನ್ರೀ?" ಎಂದು ನನಗೇ ಬುದ್ಧಿ ಹೇಳಿದರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು.

ಒಂದು ವರ್ಷ ಸುದ್ದಿಯಿಲ್ಲ. ಮರುವರ್ಷ ನಾನು ಪರೀಕ್ಷೆಯ ಪೇಪರ್ ತಿದ್ದಲು ಬೆಂಗಳೂರಿಗೆ ಹೋದವನು ಬಿಡುವಿನಲ್ಲಿ ಗ್ರಂಥಾಲಯಕ್ಕೆ ಹೋಗಿ ಪರದೇಶದ ವಿಜ್ಞಾನ ಪತ್ರಿಕೆಯೊಂದನ್ನು ತಿರುವುತ್ತಿದ್ದೆ. ಒಂದು ಪುಟದಲ್ಲಿ ಏರೋಪ್ಲೇನ್ ಚಿಟ್ಟೆಯ ರೆಕ್ಕೆ. ಕೆಳಮೂಲೆ ಹರಿದಿದೆ. ನಾನು ಹರಿದ ಮೂಲೆ! ಮೇಲೆ ಎರಡು ಹೆಸರು, ಪ್ರೊಫೆಸರರದು ಮತ್ತು ಅವರ ಶಿಷ್ಯನೊಬ್ಬನದು. ಕೊನೆಗೆ ಸಣ್ಣಕ್ಷರದಲ್ಲಿ ಕೃತಜ್ಞತೆಗಳು, ಟೈಪ್ ಮಾಡಿದವನಿಗೂ ಸೇರಿ. ಇವರ ಹೆಸರು ಅಲ್ಲಿಯೂ ಇಲ್ಲ. ಮರುದಿನ ಮೊದಲ ರೈಲಿಗೆ ತಿಪಟೂರಿಗೆ ಬಂದು, ಸೀದಾ ಪ್ರಯೋಗಾಲಯಕ್ಕೆ ಹೋಗಿ ಹೇಳಿದೆ. ಅವರು ಉಪ್ಪು ತೂಗುತ್ತಿದ್ದರು. ತೂಗಿ ಮುಗಿಸಿ, ತಕ್ಕಡಿಯ ಬಾಗಿಲು ಮುಚ್ಚಿ, "ರೆಕ್ಕೆ ಚೆನ್ನಾಗಿ ಅಚ್ಚಾಗೈತಾ?" ಎಂದು ಕೇಳಿದರು.

ಬೆಂಗಳೂರಿನ ಸಂಶೋಧನಾ ವಿದ್ಯಾರ್ಥಿಗಳ ಪಟ್ಟಿಯಿಂದ ಅವರ ಹೆಸರು ಆಗಲೇ ಕಳಚಿತ್ತು. "ಪ್ರಗತಿ ಸಾಲದು" ಎಂದು ಬರೆದಿದ್ದರಂತೆ. ಡಾಕ್ಟರೇಟ್ ಹೋಯಿತು, ಅಧ್ಯಾಪಕಿಯಾಗುವ ಆಸೆ ಹೋಯಿತು, ಅರಗಿನ ಕೆಲಸ ತಾವು ಮಾಡಿದ್ದು ಎನ್ನಲು ಕೈಯಲ್ಲಿ ಒಂದು ಹಾಳೆಯೂ ಉಳಿಯಲಿಲ್ಲ. ಬೈಯಿರಿ, ಅಳಿರಿ, ದೂರು ಕೊಡಿ ಎಂದೆ. "ನೋಡಾನ ಇರಿ" ಎಂದರು.

ಅದಾದ ನಾಲ್ಕೈದು ತಿಂಗಳಿಗೆ ಆ ಪ್ರೊಫೆಸರರಿಂದಲೇ ಅವರಿಗೊಂದು ಕಾಗದ ಬಂತು. ನಾಚಿಕೆಗೆಟ್ಟ ಮನುಷ್ಯ! ಶಿಷ್ಯನ ಕೈಯಲ್ಲಿ ಎರಡನೆಯ ಸಲ ಅರಗು ಆಗುತ್ತಿಲ್ಲ, ಹೊರಗಿನವರು ಮಾದರಿ ಕೇಳುತ್ತಿದ್ದಾರೆ. ಟಿಪ್ಪಣಿಯಲ್ಲಿ 'ಕೊಬ್ಬರಿಯ ಜೊತೆ ಒಂದು ಸುತ್ತು ಇಟ್ಟದ್ದು' ಎಂದಿದೆ. ನಾವು ಎಣ್ಣೆಗೆ ಕೊಬ್ಬರಿ ಚೂರು ಹಾಕಿ ನೋಡಿದೆವು, ಮುಗ್ಗಲು ಬಂತು. ದಯವಿಟ್ಟು ಕೊಬ್ಬರಿ ಎಷ್ಟು ಗ್ರಾಂ ಹಾಕಬೇಕು ತಿಳಿಸಿ.

ಓದಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೊಬ್ಬರಿ ಮನೆಯವರಿಗೆ ಅಟ್ಟದ ವಿಷಯ ಬಿಡಿಸಿ ಬರೆಯಬೇಕೆಂದು ಹೊಳೆಯುವುದೇ ಇಲ್ಲ. ಒಂದು ಸುತ್ತು ಎಂದರೆ ಇಲ್ಲಿ ಎಲ್ಲರಿಗೂ ಗೊತ್ತು. ಆ ಮರೆವೇ ಅವರನ್ನು ಕಾಪಾಡಿತ್ತು. ನಗು ಮುಗಿದ ಮೇಲೆ ಹೇಳಿದೆ, "ಉತ್ತರ ಬರೀಬೇಡಿ. ಸಾಯ್ಲಿ. ಇಡೀ ತಿಪಟೂರಿನ ಕೊಬ್ಬರಿ ಹಾಕ್ಕೊಂಡು ಮುಗ್ಗಲು ಹಿಡಿಸ್ಕೊಳ್ಲಿ."

ಅವರು ಎರಡು ದಿನ ಕೂತು ಬರೆದರು. ಮೂರನೆಯ ದಿನ ಸಂಜೆ ದಪ್ಪನೆಯ ಲಕೋಟೆ ಹಿಡಿದು ಬಂದು, "ನನ್ ಬಸ್ಸಿಗೆ ಹೊತ್ತಾಯ್ತು ಮೇಷ್ಟ್ರೇ. ನೀವು ಪೋಸ್ಟಾಪೀಸ್ ಮುಂದೇನೆ ಹೋಗ್ತೀರಲ್ಲ, ಇದೊಂದ್ ಹಾಕ್ಬುಡಿ. ಅಂಟಿಸಿಲ್ಲ, ಬೇಕಾರೆ ಓದಿ" ಎಂದರು.

ನನಗೆ ಕೋಪ ನೆತ್ತಿಗೇರಿತು. ಇಷ್ಟು ದಪ್ಪ! ಅಟ್ಟ, ಮಡಕೆ, ಹೊಗೆ ಎಲ್ಲವನ್ನೂ ಬಿಡಿಸಿ ಬರೆದು ಆ ಕಳ್ಳನ ಕಾಲಬುಡಕ್ಕೆ ಸುರಿಯುತ್ತಿದ್ದಾರೆ. "ನಿಮ್ಮ ದಾನಪತ್ರ ನಾನ್ಯಾಕ್ರೀ ಓದ್ಲಿ?" ಎಂದೆ. ಅವರು ನನ್ನ ಮುಖ ನೋಡಿದರು. ಏನೋ ಹೇಳಲು ಹೋಗಿ, ಬಸ್ಸು ಹಾರನ್ ಹೊಡೆದದ್ದು ಕೇಳಿ, ನನ್ನ ಎದುರಿಗೇ ಲಕೋಟೆಗೆ ಅಂಟು ಹಚ್ಚಿ ಮೇಜಿನ ಮೇಲಿಟ್ಟು ಓಡಿದರು.

ನಾನು ಅದನ್ನು ಪೋಸ್ಟ್ ಮಾಡಲಿಲ್ಲ. ಅವರ ಒಳ್ಳೆಯದಕ್ಕೇ ಎಂದುಕೊಂಡೆ. ಹರಿಯಲು ಕೈ ಬರಲಿಲ್ಲ, ಮನೆಗೆ ತಂದು ಹಳೆಯ ಲಾಗರಿತಮ್ ಪುಸ್ತಕದೊಳಗೆ ಇಟ್ಟೆ. ಮರುದಿನ "ಹಾಕಿದ್ರಾ?" ಎಂದು ಕೇಳಿದರು. "ಹಾಕಿದೆ" ಎಂದೆ.

ಆಮೇಲೆ ಅವರಿಗೊಂದು ಅಭ್ಯಾಸವಾಯಿತು. ಹನ್ನೊಂದು ಗಂಟೆಗೆ ಟಪಾಲು ಬಂದೊಡನೆ ಕೈ ಒರೆಸಿಕೊಂಡು ಬಂದು ನನ್ನ ಬಾಗಿಲಲ್ಲಿ ನಿಲ್ಲುವರು. "ನಿಮ್ಗೇನಾದ್ರೂ ಕಾಗ್ದ ಬಂತಾ ಮೇಷ್ಟ್ರೇ?"

"ನನಗ್ಯಾಕ್ ಬರುತ್ತೇರೀ?" ಎಂದು ರೇಗುತ್ತಿದ್ದೆ. ಆ ಕಳ್ಳ ಬರೆಯುವ ಎರಡು ಸಾಲು ಥ್ಯಾಂಕ್ಸಿಗೆ ಇವರು ಹೀಗೆ ಕಾಯುತ್ತಾರಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು. ಹೆಚ್ಚುಕಡಿಮೆ ಒಂದು ವರ್ಷ ಕೇಳಿದರು. ಆಮೇಲೆ ನಿಲ್ಲಿಸಿದರು. ಆ ವರ್ಷ ಅಟ್ಟದಿಂದ ಕೊಬ್ಬರಿ ಇಳಿದಾಗ ನನಗೆ ಕಾಯಿ ತರಲಿಲ್ಲ. ಮಾತು ನಿಲ್ಲಿಸಲಿಲ್ಲ, ಆದರೆ ನಾನು ಮೇಷ್ಟ್ರು ಹೋಗಿ ಸಾರ್ ಆದೆ. "ಬನ್ನಿ ಸಾರ್. ಆಯ್ತು ಸಾರ್." ನಿವೃತ್ತಿಯವರೆಗೂ ಹಾಗೆಯೇ. ನನ್ನ ಬೈಗುಳ ನಾಟಿರಬೇಕು, ನಾಟಲಿ ಎಂದು ನಾನೂ ಬಿಗುವಾಗಿಯೇ ಇದ್ದೆ. ಬೆಳಕಿಂಡಿಯ ಪಂಚೆ ಬಿಚ್ಚಿದರಂತೆ. ಡೆಮಾನ್‌ಸ್ಟ್ರೇಟರ್ ಆಗಿ ಬಂದವರು ಡೆಮಾನ್‌ಸ್ಟ್ರೇಟರ್ ಆಗಿಯೇ ಮನೆಗೆ ಹೋದರು. ಈಗ ಸತ್ತರು.

ಸಭೆಯಿಂದ ಎದ್ದು ಬಂದ ದಿನ, ಅದೇ ಸಿಟ್ಟಿನಲ್ಲಿ, ಲಾಗರಿತಮ್ ಪುಸ್ತಕ ತೆಗೆದು ಲಕೋಟೆ ಒಡೆದೆ. ಆ ನಾಲ್ವರ ಮುಖದ ಮೇಲೆ ಹಿಡಿಯಬೇಕು, ನೋಡಿ ನಿಮ್ಮ ಸರಳಜೀವಿಯ ಬುದ್ಧಿ ಎಂದು ತೋರಿಸಬೇಕು ಎಂದು. ಕಾಗದ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುತ್ತೇನೆ.

"ಕೊಬ್ಬರಿ ಎಷ್ಟು ಗ್ರಾಂ ಎಂದು ಕೇಳಿದ್ದೀರಿ. ಉತ್ತರ ನನಗೆ ಗೊತ್ತು, ಹೇಳುವುದಿಲ್ಲ. ಈ ಕೆಲಸ ನನ್ನದೆಂದು ನೀವು ಅದೇ ಪತ್ರಿಕೆಗೆ ಬರೆಯಬೇಕು. ಅದು ಅಚ್ಚಾಗಿ ನನ್ನ ಕೈಗೆ ಬಂದ ದಿನ ಹೇಳುತ್ತೇನೆ. ಅಲ್ಲಿಯವರೆಗೆ ನಿಮ್ಮ ಎಣ್ಣೆಗೆ ಎಷ್ಟು ಬೇಕಾದರೂ ಕೊಬ್ಬರಿ ಹಾಕಿಕೊಳ್ಳಿ."

ದಪ್ಪವಾಗಿದ್ದ ಉಳಿದ ಹಾಳೆಗಳಲ್ಲಿ ಅವರು ಮಾಡಿದ ಒಂದೊಂದು ಪ್ರಯೋಗವೂ ದಿನಾಂಕ ಸಮೇತ ಇತ್ತು. ನೆನಪಿನಿಂದಲೇ ಬರೆದದ್ದು. ಎಲ್ಲೂ ಅಟ್ಟದ ಮಾತಿಲ್ಲ. ಕೊನೆಯ ಹಾಳೆಯಲ್ಲಿ ಹೀಗಿತ್ತು.

"ರೆಕ್ಕೆ ಯಾರದೆಂಬ ಸಂಶಯವಿದ್ದರೆ ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರಿಗೆ ನೇರವಾಗಿ ಬರೆದು ಕೇಳಿ. ಆ ಮೂಲೆ ಹರಿದದ್ದು ಅವರ ಕೈಯಲ್ಲೇ. ನನಗಿರುವ ಸಾಕ್ಷಿ ಅವರೊಬ್ಬರೇ. ಅವರು ಸುಳ್ಳು ಹೇಳುವವರಲ್ಲ."

ಅವರು ಕೇಳುತ್ತಿದ್ದುದು ತಮಗೆ ಬರುವ ಕಾಗದವನ್ನಲ್ಲ. ಪ್ರೊಫೆಸರು ನನಗೆ ಬರೆದಿದ್ದಾರೆ, ನಾನು ಹೆದರಿ ಬಾಯಿ ಬಿಡಲಿಲ್ಲ ಎಂದುಕೊಂಡೇ ಅವರು ಆ ವರ್ಷ ಕೊಬ್ಬರಿ ತರುವುದನ್ನು ನಿಲ್ಲಿಸಿದ್ದು. ಹಾಗೆ ಎಂದುಕೊಂಡೇ ಸತ್ತರು. ಹಾಕಿದ್ರಾ ಎಂದು ಕೇಳಿದ್ದರು. ಹಾಕಿದೆ ಎಂದಿದ್ದೆ.